ಎಳನೀರು ಹಿಡಿದು ಬರುವ ಬಂಧುಗಳಿಗೆ

ಮಾವನವರನ್ನು ನೋಡಲು ಬರುವ ಸಮಸ್ತ ಬಂಧುಮಿತ್ರರೇ,

‘ಗಂಟಲು ಒಣಗಿದೆ ಪಾಪ, ನೀರು ತಾನೇ, ಏನಾಗುತ್ತೆ?’ ಎನ್ನುತ್ತ ಮಲಗಿದವರ ಬಾಯಿಗೆ ಲೋಟ ಹಿಡಿಯುವ ನಿಮ್ಮ ಅಂತಃಕರಣಕ್ಕೆ ಶರಣು. ಆದರೆ ಆಗುವುದೆಲ್ಲ ನೀರಿನಿಂದಲೇ. ಮಾವನವರಿಗಿರುವ ಪಾರ್ಕಿನ್ಸನ್ ಅಂದರೆ ಬರೀ ಕೈ ನಡುಕವಲ್ಲ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದ ಪುಸ್ತಿಕೆಯಲ್ಲೇ ನುಂಗಲಾಗದ ತೊಂದರೆಯೂ ಜೊಲ್ಲು ಸೋರುವುದೂ ಇವೆ. ಇನ್ನೂರು ವರ್ಷ ದಾಟಿದರೂ ಆ ಸುದ್ದಿ ನಮ್ಮ ಪಡಸಾಲೆಗೆ ಬಂದಿಲ್ಲ.

ಒಂದು ಗುಟುಕು ಇಳಿಯಬೇಕಾದರೆ ಧ್ವನಿಪೆಟ್ಟಿಗೆ ಮೇಲೇರಬೇಕು, ಶ್ವಾಸನಾಳ ಮುಚ್ಚಬೇಕು, ಅನ್ನನಾಳ ತೆರೆಯಬೇಕು. ಎಲ್ಲವೂ ಸುಮಾರು ಒಂದು ಸೆಕೆಂಡಿನಲ್ಲಿ. ಮಿದುಳಿನ ಅಪ್ಪಣೆ ತಡವಾದರೆ ಗಟ್ಟಿ ಗಂಜಿ ಕೊಂಚ ಕಾಯುತ್ತದೆ. ನೀರು ಮಾತ್ರ ಹೇಳದೆ ಬರುವ ನೆಂಟರ ಹಾಗೆ, ಬಾಗಿಲು ಹಾಕುವ ಮೊದಲೇ ಒಳಗಿರುತ್ತದೆ.

‘ಕೆಮ್ಮಲೇ ಇಲ್ಲವಲ್ಲ!’ ಎಂದು ಗೆದ್ದವರಂತೆ ನೋಡಿದಿರಿ, ದೊಡ್ಡಮ್ಮ. ನಮಗೆ ಭಯ ಅದೇ. ಗಂಟಲಿನ ಅರಿವು ಮಂದವಾದವರಿಗೆ ನೀರು ಪುಪ್ಪುಸಕ್ಕೆ ಇಳಿದರೂ ಕೆಮ್ಮು ಬಾರದಿರಬಹುದು. ಎರಡು ಮೂರು ದಿನ ಬಿಟ್ಟು ಬರುವುದು ಜ್ವರ, ನ್ಯುಮೋನಿಯಾ. ಈ ಕಾಯಿಲೆಯವರನ್ನು ಕರೆದೊಯ್ಯುವುದರಲ್ಲಿ ಅದರದೇ ಮೇಲುಗೈ. ಆಗ ನೀವು ಫೋನಿನಲ್ಲಿ ‘ಹವಾ ಸರಿಯಿಲ್ಲ’ ಎಂದು ತೀರ್ಪು ಕೊಡುತ್ತೀರಿ. ಇನ್ನು ಕೆಮ್ಮಿದರಂತೂ ನೆತ್ತಿ ತಟ್ಟಿ ‘ಯಾರೋ ನೆನೆಸಿಕೊಂಡರು’ ಅಂತೀರಿ. ನೆನೆಸಿಕೊಳ್ಳುವವರು ಊಟದ ಹೊತ್ತೊಂದನ್ನು ಬಿಡಬೇಕಾಗಿ ವಿನಂತಿ.

‘ಮುದ್ದೆಗೆ ಅಗಿಯೋ ಕೆಲಸವೇ ಇಲ್ಲ, ಸೀದಾ ಇಳಿಯುತ್ತೆ’ ಎಂಬ ಚಿಕ್ಕಪ್ಪನವರ ವಾದಕ್ಕೆ ಉತ್ತರ: ಹೌದು, ನಿಮ್ಮ ಗಂಟಲಿದ್ದರೆ. ಸಾರನ್ನವೂ ಸುಲಭವಲ್ಲ, ಅಗುಳು ಬಾಯಲ್ಲಿರುವಾಗಲೇ ಸಾರು ಮುಂದೋಡುತ್ತದೆ.

ವಾಕ್ ಚಿಕಿತ್ಸಕರ ಬಳಿ ಹೋದೆವೆಂದಾಗ ‘ಮಾತು ಚೆನ್ನಾಗೇ ಬರುತ್ತಲ್ಲ’ ಎಂದು ನಕ್ಕಿರಿ. ನುಂಗುವುದನ್ನು ಪರೀಕ್ಷಿಸಿ ಕಲಿಸುವವರೂ ಅವರೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಬೇರಿಯಂ ಬೆರೆಸಿದ ತುತ್ತು ಎತ್ತ ಹೋಯಿತೆಂದು ಎಕ್ಸ್‌-ರೇ ವಿಡಿಯೊದಲ್ಲಿ ನೋಡುವ ಪರೀಕ್ಷೆಯೂ ಉಂಟು. ಮಾವನವರಿಗೆ ಅವರು ಹೇಳಿದ್ದು: ನೆಟ್ಟಗೆ ಕೂರಿಸಿ, ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಉಣಿಸಿ, ನೀರಿಗೂ ಗಟ್ಟಿಯಾಗಿಸುವ ಪುಡಿ ಹಾಕಿ, ಉಂಡಮೇಲೆ ಬಾಯಿ ಶುಚಿ ಮಾಡಿ, ಕೂಡಲೇ ಮಲಗಿಸಬೇಡಿ.

ಹಾಗೆಂದು ಬರುವುದನ್ನು ನಿಲ್ಲಿಸಬೇಡಿ. ಮಧ್ಯಾಹ್ನ ಮುಕ್ಕಾಲು ಗಂಟೆ ಚಿಕ್ಕ ಚಮಚ ಹಿಡಿದು ಕೂರುವ ಹುದ್ದೆಯೊಂದು ಖಾಲಿ ಇದೆ. ಸಂಬಳವಿಲ್ಲ. ಟಿ.ವಿ. ಆರಿಸಿರಬೇಕು, ಬಾಯಲ್ಲಿ ತುತ್ತಿರುವಾಗ ಮಾತಾಡಿಸಬಾರದು. ಅರ್ಜಿಗೆ ಕೊನೆಯ ದಿನಾಂಕವಿಲ್ಲ.

ಇತಿ,
ಮನೆಯ ಸೊಸೆ