ವರ್ಷಮಾನ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದರ ವಿಷಯವೇನು, ಅಧಿಕಾರಿ ಯಾರು, ಪ್ರಯೋಜನವೇನು ಎಂಬುದನ್ನು ನಿರ್ಣಯಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ವಿಷಯವು ಅಡಕೆತೋಟದಲ್ಲಿ ನೆಡತಕ್ಕ ಹವಾಯಂತ್ರ. ಅಧಿಕಾರಿಯು ಎರಡೆಕರೆ ತೋಟವನ್ನೂ ಬೇಲಿಯಾಚೆಗೊಬ್ಬ ನೆರೆಯವನನ್ನೂ ಉಳ್ಳ ಗೃಹಸ್ಥ. ನೆರೆಯವನಿಲ್ಲದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಪ್ರಯೋಜನದಲ್ಲಿ ಮಾತ್ರ ಮತಭೇದವುಂಟು. ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದಂದಿನಿಂದಲೂ, 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಲು ಮಳೆ ಹೊಳವಾಗುವ ಗಳಿಗೆಗಾಗಿ ಆಕಾಶ ನೋಡುತ್ತ ಕುಳಿತಿರುವ ನಮಗೆ, ಆ ಗಳಿಗೆಯನ್ನು ಸೂಚಿಸುವುದೇ ಯಂತ್ರದ ಪ್ರಯೋಜನವೆಂಬುದು ಪೂರ್ವಪಕ್ಷ. ನಾನೂ ಮನೆಯವಳಿಗೆ ಹಾಗೆಯೇ ಹೇಳಿ ದುಡ್ಡು ಕೊಟ್ಟೆನು.

ಪರಂಪರೆಯೇನೋ ದೊಡ್ಡದು. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದಲ್ಲಿ ಒಂದು ಅರತ್ನಿಯಗಲದ ಬಾಯಿಯ ಕುಂಡವನ್ನಿಟ್ಟು ಮಳೆಯನ್ನಳೆಯುವ ವಿಧಿಯಿದೆ. ವರಾಹಮಿಹಿರನು ಒಂದು ಹಸ್ತದಗಲದ ಕುಂಡವನ್ನು ಹೇಳುತ್ತಾನೆ. ಆದರೆ ನೆರೆಯವನ ಕುಂಡದಲ್ಲಿ ನಮ್ಮದಕ್ಕಿಂತ ಹೆಚ್ಚು ನೀರು ನಿಂತರೆ ಪ್ರಾಯಶ್ಚಿತ್ತವೇನೆಂಬುದನ್ನು ಈ ಇಬ್ಬರೂ ಹೇಳದೆ ಹೋದುದು ನಮ್ಮ ದುರ್ದೈವ.

ಈ ಕಾಲದ ಯಂತ್ರದೊಳಗೆ ಒಂದು ಜೋಡಿಬಟ್ಟಲ ತೂಗುತಕ್ಕಡಿಯಿದ್ದು, 0.2 ಮಿಲಿಮೀಟರು ಮಳೆ ತುಂಬಿದೊಡನೆ ಅದು ಆಚೆಗೊಮ್ಮೆ ಈಚೆಗೊಮ್ಮೆ ಮಗುಚುತ್ತ, ಮಗುಚಿದ ಲೆಕ್ಕವನ್ನು ತಂತಿಯಿಲ್ಲದೆಯೇ ಜಗಲಿಯ ಫಲಕಕ್ಕೆ ಮುಟ್ಟಿಸುತ್ತದೆ. ಕೊಳ್ಳುವಾಗ ಫಲಕದ ಬಣ್ಣಗಳಿಗೆ ಮರುಳಾಗದೆ, ಉಷ್ಣಮಾಪಕಕ್ಕೆ ಬಿಸಿಲು ತಾಗದಂತೆ ಬಿಳಿಯ ಪಟ್ಟಿಗಳ ಗೂಡಿದೆಯೇ, ಮಳೆಯ ಆಲಿಕೆಯನ್ನು ಕಳಚಿ ತೊಳೆಯಬಹುದೇ ಎಂಬಿವನ್ನು ನೋಡಬೇಕು. ಎರಡನೆಯದನ್ನು ನಾನು ನೋಡಲಿಲ್ಲ. ಪುನರ್ವಸು ಮಳೆ ಹೆಂಚು ಹಾರುವಂತೆ ಸುರಿಯುತ್ತಿದ್ದ ಒಂದು ಬೆಳಗ್ಗೆ, ನಾನು ಅಡಿಯಿಂದ ಮುಡಿಯವರೆಗೆ ತೊಯ್ದು ಜಗಲಿ ಹತ್ತಿದರೆ, ಫಲಕವು ನಿರ್ವಿಕಾರವಾಗಿ ಸೊನ್ನೆ ತೋರಿಸುತ್ತಿತ್ತು. ಪ್ರತ್ಯಕ್ಷಕ್ಕೂ ಶಬ್ದಕ್ಕೂ ಇಂಥ ವಿರೋಧವೊದಗಿದಾಗ ಬಲವತ್ತರವಾದ ಪ್ರಮಾಣ ಯಾವುದೆಂದು ಅರ್ಧ ಗಂಟೆ ಚಿಂತಿಸಿದ ಮೇಲೆ, ತಕ್ಕಡಿಯಲ್ಲಿ ಸಂಸಾರ ಹೂಡಿದ್ದ ಜೇಡವು ಗೋಚರಿಸಿತು.

ಸ್ಥಾನವಿಚಾರವು ಇನ್ನೂ ಗಹನ. ಮಳೆಮಾಪಕವು ಮರದಿಂದ ಮರದ ಎತ್ತರದ ಎರಡರಷ್ಟಾದರೂ ದೂರವಿರಬೇಕೆಂಬುದು ನಿಯಮ. ಅಡಕೆ ಮರವೋ ಐವತ್ತು ಅಡಿ. ನಿಯಮವನ್ನು ಅಕ್ಷರಶಃ ಪಾಲಿಸಿ ಹಗ್ಗ ಹಿಡಿದು ಅಳೆದಾಗ, ನನ್ನ ಯಂತ್ರವನ್ನು ಸ್ಥಾಪಿಸಲು ಯೋಗ್ಯವಾದ ಏಕಮಾತ್ರ ಸ್ಥಳವು ನೆರೆಮನೆಯ ಭಾವನ ಗದ್ದೆಯ ನಟ್ಟನಡುವೆ ಎಂದು ಸಿದ್ಧವಾಯಿತು. ಭಾವನು ಒಪ್ಪಲಿಲ್ಲ. ಒಪ್ಪದಿದ್ದುದಲ್ಲದೆ, ಅಂದೇ ತನ್ನ ಅಂಗಳದಲ್ಲೊಂದು ಬೋಗುಣಿಯನ್ನಿಟ್ಟು, ದಿನವೂ ಬೆಳಗ್ಗೆ 8.30ಕ್ಕೆ, ಸರಕಾರಿ ಹವಾಮಾನದವರು ಅಳೆಯುವ ಮುಹೂರ್ತದಲ್ಲಿಯೇ, ಅಡಿಪಟ್ಟಿ ಇಳಿಬಿಟ್ಟು ಅಳೆಯತೊಡಗಿದನು. ನೇರಗೋಡೆಯ ಪಾತ್ರೆಯಾದರೆ ಬಾಯಿ ಕಿರಿದಾಗಲಿ ಹಿರಿದಾಗಲಿ ನೀರಿನ ಆಳ ಒಂದೇ. ತಳ ಕಿರಿದಾಗಿ ಬಾಯಿ ಅಗಲವಾದ ಬೋಗುಣಿಯಲ್ಲಾದರೋ, ದೊಡ್ಡ ಬಾಯಿಗೆ ಬಿದ್ದುದೆಲ್ಲ ಸಣ್ಣ ತಳದಲ್ಲಿ ನಿಂತು ಮಳೆ ಉಬ್ಬಿ ಕಾಣುತ್ತದೆ. ಇದನ್ನು ನಾನು ಬೇಲಿಯ ಮೇಲಿನಿಂದ ಸೋಪಪತ್ತಿಕವಾಗಿ ನಿರೂಪಿಸಿದೆನು. "ನಮ್ಮಲ್ಲಿ ಮಳೆ ಜಾಸ್ತಿ ಅಂತ ನಿನಗೆ ಹೊಟ್ಟೆಕಿಚ್ಚು ಮಾರಾಯ" ಎಂದು ಭಾವನು ಒಳಗೆ ಹೋದನು. ಆಗುಂಬೆಯ ಮಗ್ಗುಲಲ್ಲಿ ಹುಟ್ಟಿ, ಮಳೆಯ ಮಾತಿನಲ್ಲಿ ಹುಟ್ಟಿನಿಂದಲೇ ಎರಡನೆಯವರಾಗಿರುವ ತೀರ್ಥಹಳ್ಳಿ ಸೀಮೆಯವರಿಗೆ ಈ ನೋವಿನ ಆಳ ತಿಳಿದೀತು.

ಕಡೆಗೊಂದು ದಿನ ವಾಯುಭಾರವು ಏರುತ್ತಿದೆಯೆಂದೂ, ಇನ್ನೆರಡು ದಿನ ಹೊಳವೆಂದೂ ಫಲಕವು ಸೂರ್ಯನ ಚಿತ್ರ ಬಿಡಿಸಿ ತೋರಿಸಿದ್ದರಿಂದ, ದ್ರಾವಣ ಕಲಸಿಸಿ ಕೊನೆಗಾರನಿಗೆ ಹೇಳಿಕಳುಹಿಸಿದೆನು. ಅವನು ಬಂದು, ಫಲಕದ ಕಡೆ ತಿರುಗಿಯೂ ನೋಡದೆ, ಪಡುವಣ ಗುಡ್ಡವನ್ನು ನೋಡಿ, ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, "ಇವತ್ತು ಬ್ಯಾಡ ಅಯ್ಯಾ, ಮರ ಜಾರ್ತದೆ" ಎಂದನು. ಅವನ ಬಾಯಿ ಕೆಂಪಾಗುವಷ್ಟರಲ್ಲಿ ಮಳೆ ಹಿಡಿಯಿತು.

ದ್ರಾವಣ ಹಾಳಾಯಿತೆಂಬ ಚಿಂತೆ ಆ ಕ್ಷಣದಲ್ಲಿ ನನಗೆ ಹೊಳೆಯಲೇ ಇಲ್ಲ. ಮರುದಿನ ಬೆಳಗ್ಗೆ ಫಲಕದಲ್ಲಿ 31 ಮಿಲಿಮೀಟರು ಕಂಡೊಡನೆ ಫೋನಿಗೆ ಓಡಿದೆನು. ಭಾವನಲ್ಲಿ 48.

ಯಂತ್ರದ ಸತ್ಯಪರೀಕ್ಷೆಗಾಗಿ ಅದರ ಮಗ್ಗುಲಲ್ಲೊಂದು ಸಾದಾ ಪಾತ್ರೆಯಿರುವುದು ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ಆ ಶಾಸ್ತ್ರವಾಕ್ಯಕ್ಕೆ ತಲೆಬಾಗಿ, ಅಟ್ಟದಿಂದ ನಮ್ಮ ಅಜ್ಜಿಯ ಕಾಲದ ಬೋಗುಣಿಯೊಂದನ್ನು ಇಳಿಸಿ ಹೊರಗಿಟ್ಟಿದ್ದೇನೆ. ಅದರ ಬಾಯಿ ಭಾವನದಕ್ಕಿಂತ ಒಂದು ಗೇಣು ಹೆಚ್ಚು. ತಳ ಇನ್ನೂ ಸಣ್ಣದು.