ಸ್ಮಾರ್ಟ್ ವಾಚ್ ಕೈಪಿಡಿ: ಹರಿಯಬ್ಬೆಗೆ ಹೊಂದಿಸಿದ್ದು

ಪೆಟ್ಟಿಗೆಯೊಳಗಿನ ಕೈಪಿಡಿಯ ಅಕ್ಷರ ಸಾಸಿವೆಗಿಂತ ಸಣ್ಣದು, ಅದರಲ್ಲಿ ಕನ್ನಡವೂ ಇಲ್ಲ. ಬೆಂಗಳೂರಿನ ಮಗ ಕಳಿಸಿದ ವಾಚು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿರುವ ಅಮ್ಮನ ಕೈಸೇರಿದ ಮೇಲೆ ಏನು ಮಾಡಬೇಕೆಂದು ಇಲ್ಲಿ ಹೇಳಿದೆ.

ಕಟ್ಟುವ ಕ್ರಮ: ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಷ್ಟು ಮೇಲೆ, ಚರ್ಮಕ್ಕೆ ಅಂಟುವಂತೆ ಕಟ್ಟಿ. ಅಡಿಯಲ್ಲಿ ಹಸಿರು ದೀಪ ಮಿಣುಕಿದರೆ ಗಾಬರಿ ಬೇಡ. ಗುಂಡಿಗೆ ಬಡಿದಾಗಲೆಲ್ಲ ಕೈಯ ರಕ್ತ ಏರಿಳಿಯುತ್ತದೆ. ರಕ್ತ ಹಸಿರು ಬೆಳಕನ್ನು ಹೀರುವುದರಿಂದ, ವಾಪಸು ಬಂದ ಬೆಳಕಿನ ಹೆಚ್ಚುಕಮ್ಮಿ ನೋಡಿ ವಾಚು ನಾಡಿ ಎಣಿಸುತ್ತದೆ. ಸಡಿಲ ಬಿಟ್ಟರೆ ಬಿಸಿಲು ನುಗ್ಗಿ ಲೆಕ್ಕ ಕೆಡುತ್ತದೆ. ಅಗ್ಗದ ಕೆಲವು ವಾಚುಗಳು ಬಾಳೆಹಣ್ಣಿಗೆ ಕಟ್ಟಿದರೂ ನಾಡಿ ತೋರಿಸಿವೆ. ಬಾಳೆಹಣ್ಣು ಆರೋಗ್ಯವಾಗಿತ್ತು.

ಫೋನಿಗೆ ಜೋಡಿಸುವಾಗ ಆಪ್ ನಿಮ್ಮ ಕಾಂಟ್ಯಾಕ್ಟು, ಲೊಕೇಶನ್ನು ಎಲ್ಲ ಕೇಳುತ್ತದೆ. ನಾಡಿ ನೋಡಲು ಬೀಗರ ನಂಬರು ಯಾಕಪ್ಪಾ ಅನ್ನಿಸಿದರೆ ಒಪ್ಪಬೇಡಿ, ನಾಡಿ ನಿಲ್ಲುವುದಿಲ್ಲ. ಬ್ಲೂಟೂತಿನ ಕೈ ಸುಮಾರು 10 ಮೀಟರಿನಾಚೆ ಚಾಚದು. ಫೋನು ಜಗಲಿಯಲ್ಲಿ ಚಾರ್ಜಿಗಿದ್ದು ನೀವು ಹೊಲದಲ್ಲಿದ್ದರೆ ವಾಚು ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಮನೆಗೆ ಬಂದ ಮೇಲೆ ಫೋನಿಗೆ ಒಪ್ಪಿಸುತ್ತದೆ. ಅಲ್ಲಿಂದ ಬೆಂಗಳೂರಿಗೆ. "ಅಮ್ಮಾ, ಸ್ಟೆಪ್ಸು ಕಮ್ಮಿ ಆಗೈತಲ್ಲ, ಹುಷಾರಿದ್ದೀಯಾ?" ಎಂಬ ಫೋನು ಸಂಜೆಯೊಳಗೆ ಬರುತ್ತದೆ.

ಹೆಜ್ಜೆಯ ವಿಚಾರದಲ್ಲಿ ಈ ಯಂತ್ರಕ್ಕೆ ನ್ಯಾಯಾನ್ಯಾಯ ಗೊತ್ತಿಲ್ಲ. ಅದು ಎಣಿಸುವುದು ಕಾಲನ್ನಲ್ಲ, ಕೈ ಬೀಸುವುದನ್ನು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು, ಕೈಯೆತ್ತಿ ಹಿಡಿದು ಹೊಲದಿಂದ ಮನೆವರೆಗೆ ಬಂದರೆ ಆ ನಡಿಗೆ ಅರೆಬರೆ ದಾಖಲಾಗುತ್ತದೆ. ಅದೇ ಕಣದಲ್ಲಿ ಕೂತು ಕಡ್ಲೆಗಿಡ ಬಡಿದು ಕಾಯಿ ಬಿಡಿಸಿದರೆ ಕೂತಲ್ಲೇ ನಡೆದುಬಿಟ್ಟಿರುತ್ತೀರಿ. ಮಗನಿಗೆ ಸಮಾಧಾನ ಬೇಕಿದ್ದರೆ ಎರಡನೆಯದನ್ನು ಮಾಡಿ. ದಿನಕ್ಕೆ 10,000 ಹೆಜ್ಜೆ ಎಂಬುದೂ ಡಾಕ್ಟರು ಬರೆದ ಚೀಟಿಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಆರಿಸಿಕೊಂಡ ದುಂಡು ಸಂಖ್ಯೆ.

ರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಮೋಟರು ಹಾಕಲು ಎದ್ದು ಹೋದಿರೋ, ಬೆಳಿಗ್ಗೆ ವಾಚು ನಿದ್ದೆ ಸಾಲದೆಂದು ಬೈಯುತ್ತದೆ. ಆ ದೂರನ್ನು ಬೆಸ್ಕಾಂಗೆ ಫಾರ್ವರ್ಡ್ ಮಾಡುವ ಗುಂಡಿ ಇದರಲ್ಲಿಲ್ಲ.

ಬಿಪಿಗೆ ಬನ್ನಿ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ನೋಡುವ ಅಳತೆಯೇ ಅಳತೆ. ಅಗ್ಗದ ವಾಚು ಹೇಳುವ ಅಂಕಿ ನಂಬಿ ಮಾತ್ರೆ ಬಿಡಬೇಡಿ. ಶುಗರಿನದು ಇನ್ನೂ ಕೆಟ್ಟ ಕಥೆ. ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳಲ್ಲಿ ಒಂದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ನಿಜವಾಗಿ ಅಳೆಯುವ ಸೆನ್ಸರ್ ಬೇರೆ ಇದೆ. ನಾಣ್ಯದಷ್ಟಗಲದ್ದು, ತೋಳಿಗೆ ಅಂಟಿಸುವುದು, ಕೂದಲಿನಂಥ ಎಳೆ ಚರ್ಮದೊಳಗೆ ಇಳಿದಿರುತ್ತದೆ. ಎರಡು ವಾರಕ್ಕೆ ಅದರ ಆಯಸ್ಸು ಮುಗಿದು ಹೊಸದು ಕೊಳ್ಳಬೇಕು. ಅದೂ ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು ನೋಡುವುದರಿಂದ ಕೆಲವು ನಿಮಿಷ ಹಿಂದೆ ಬೀಳುತ್ತದೆ.

ಕಡೆಯ ಸೂಚನೆ, ತಮಾಷೆಯದಲ್ಲ. ದುಬಾರಿ ವಾಚುಗಳು ಇಸಿಜಿ ತೆಗೆದು ಎದೆಬಡಿತದ ಏರುಪೇರು ಹಿಡಿಯಬಲ್ಲವು, ಆದರೆ ಹೃದಯಾಘಾತವನ್ನು ತಮ್ಮ ವಾಚು ಗುರುತಿಸದೆಂದು ಆಪಲ್ ಕಂಪನಿಯೇ ಹೇಳುತ್ತದೆ. ಅದಕ್ಕೆ ಆಸ್ಪತ್ರೆಯೇ ಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ದೊಡ್ಡಾಸ್ಪತ್ರೆಯ ತಜ್ಞರನ್ನು ತಲುಪುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಪುಕ್ಕಟೆ ಕೊಡುತ್ತಾರೆ. ಎದೆ ಹಿಂಡಿ, ನೋವು ತೋಳಿಗೋ ದವಡೆಗೋ ಹರಿದು, ಮೈ ಬೆವೆತರೆ ವಾಚು ನೋಡುತ್ತ ಕೂರಬೇಡಿ, ಮಗನ ಫೋನಿಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.