ಪರಊರಿನವರ ಸಲುವಾಗಿ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಆದದ್ದೇ ಆದದ್ದು, ಬೈಲಹೊಂಗಲದ ನಮ್ಮ ಓಣಿಯ ಅಜ್ಜಿಯರೆಲ್ಲ ಆಧಾರ್ ಕಾರ್ಡನ್ನು ಎಲಿ ಅಡಿಕೆ ಚಂಚಿಯಲ್ಲಿ ಇಟ್ಟುಕೊಂಡು ಹೊರಬಿದ್ದರು. ಇವತ್ತು ಸವದತ್ತಿ ಎಲ್ಲಮ್ಮ, ನಾಳೆ ಗೊಡಚಿ ವೀರಭದ್ರ, ನಾಡಿದ್ದು ಸೊಗಲ ಸೋಮೇಶ್ವರ. ನಮ್ಮ ಸೋದರತ್ತಿ ಒಬ್ಬಾಕೆ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಮೊಣಕಾಲು ಅಂದಳು, ಬಿಸಿಲು ಅಂದಳು, ದೇವರು ಮನೆಯಲ್ಲೇ ಇದ್ದಾನೆ ಅಂದಳು. ವಾರಕ್ಕೊಮ್ಮೆ ದೇವರ ಮೇಲೆ ಸಿಟ್ಟಾಗುವ ಹೆಂಗಸು ಹೀಗೆ ವೇದಾಂತ ಹೇಳತೊಡಗಿದಾಗಲೇ ನನಗೆ ಸಂಶಯ ಬಂದಿತ್ತು. ನಿಜ ಕಾರಣ ನನ್ನ ಹೆಂಡತಿಯ ಬಾಯಿಂದ ಹೊರಬಿತ್ತು. ಸೋದರತ್ತಿಗೆ ಒಂದು ತಾಸು ಮೂತ್ರ ತಡೆದುಕೊಳ್ಳುವುದು ಆಗದು. ಸರಕಾರ ಟಿಕೀಟು ಮಾಫ್ ಮಾಡಿತ್ತೇ ಹೊರತು ನಡುದಾರಿಯಲ್ಲಿ ಬಸ್ಸು ನಿಲ್ಲಿಸುವ ಅಧಿಕಾರವನ್ನು ಯಾವ ಅಜ್ಜಿಗೂ ಕೊಟ್ಟಿರಲಿಲ್ಲ.

ನಾಲ್ಕೈದು ಹೆತ್ತ ಅಜ್ಜಿಯರು, ಪ್ರಾಸ್ಟೇಟ್ ಊದಿದ ಅಜ್ಜಂದಿರು, ಸಕ್ಕರೆ ಕಾಯಿಲೆಯವರು, ಲಕ್ವಾ ಹೊಡೆದು ಹಾಸಿಗೆ ಹಿಡಿದವರು, ಹೀಗೆ ಯಾವ ಓಣಿಯಲ್ಲಿ ಹುಡುಕಿದರೂ ಇಂಥವರು ಸಿಗುತ್ತಾರೆ. ಅವರಿಗೆಲ್ಲ ಮೊದಲಿಂದ ಇದ್ದ ಉಪಾಯ ಅರಿವಿ. ನಮ್ಮ ಕಡೆ ಅರಿವಿಗೆ ಬರವೇ? ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ, ರಾಮದುರ್ಗದಲ್ಲಿ ಮಗ್ಗ. ಇಲ್ಲಿ ಒಂದು ಧೋತರ ಹುಟ್ಟಿದರೆ ಸಾಯುವುದೇ ಇಲ್ಲ. ಅಜ್ಜ ಉಟ್ಟು ಹಳೆಯದು ಮಾಡಿದ ಮೇಲೆ ಅದು ಕೂಸಿನ ಕೆಳಗೆ ಹಾಸುವ ತುಂಡಾಗುತ್ತದೆ, ಆಮೇಲೆ ಕೌದಿಯ ಹೊಟ್ಟೆ ಸೇರುತ್ತದೆ, ಕೌದಿ ಹರಿದ ಮೇಲೆ ಒಲೆ ಮೇಲಿನ ಬೋಗುಣಿ ಇಳಿಸುತ್ತದೆ, ಕಡೆಗೆ ನೆಲ ಒರೆಸುತ್ತದೆ. ಹಾಗಿರುವಾಗ ಅಜ್ಜನ ಧೋತರ ನಾಲ್ಕು ಪದರಾಗಿ ಮಡಚಿಕೊಂಡು ಮತ್ತೆ ಅಜ್ಜನ ನಡುವಿಗೇ ಬಂದರೆ ಅದರಲ್ಲಿ ವಿಶೇಷವೇನೂ ಇಲ್ಲ.

ಅರಿವಿಯ ಗುಣಗಾನ ಮಾಡುವವರು ಬಹಳ. ಮೆತ್ತಗಿರುತ್ತದೆ, ಗಾಳಿ ಆಡುತ್ತದೆ, ರೊಕ್ಕ ಉಳಿಯುತ್ತದೆ, ಭೂಮಿತಾಯಿಗೆ ಭಾರವಿಲ್ಲ. ಎಲ್ಲವೂ ಖರೆ. ನಮ್ಮ ಬೆಂಗಳೂರಿನ ಅಳಿಯ ದೀಪಾವಳಿಗೆ ಬಂದಾಗ ಅತ್ತಿಯ ಮುಂದೆ ಇದೇ ವಿಷಯದ ಮೇಲೆ ಅರ್ಧ ತಾಸು ಮಾತಾಡಿದ. ನಾನು ಕಂಡುಕೊಂಡದ್ದು ಇಷ್ಟೇ. ಅರಿವಿಯನ್ನು ಹೊಗಳುವವರು ಒಬ್ಬರು, ಒಗೆಯುವವರು ಇನ್ನೊಬ್ಬರು. ಇಬ್ಬರೂ ಒಬ್ಬರೇ ಆಗಿದ್ದನ್ನು ನಾನು ಈವರೆಗೆ ನೋಡಿಲ್ಲ. ನಲ್ಲಿಗೆ ನೀರು ಬಿಟ್ಟ ದಿನವೇ ಬಂತು, ಆ ನೀರಿನಲ್ಲಿ ನೆನೆಹಾಕಬೇಕು, ಕುದಿಸಬೇಕು, ಡೆಟಾಲ್ ಹಾಕಿ ಹಿಂಡಬೇಕು. ಬೈಲಹೊಂಗಲದ ಬಿಸಿಲಿಗೆ ಹೇಗೋ ಒಣಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಕಡೆ ಆಷಾಢ ಶ್ರಾವಣದಲ್ಲಿ ಹಿಂದಿನ ದಿನದ್ದು ಒಣಗುವುದರೊಳಗೆ ಇವತ್ತಿನದು ಬಕೆಟ್ಟಿನಲ್ಲಿ ಬಂದು ಕೂತಿರುತ್ತದೆ.

ಆದರೆ ಒಗೆಯುವ ಕಷ್ಟಕ್ಕಿಂತ ದೊಡ್ಡದು ಒಣಹಾಕುವ ಕಷ್ಟ. ಇದನ್ನು ನನಗೆ ಕಲಿಸಿದ್ದು ರಾಮದುರ್ಗದ ನಮ್ಮ ಬೀಗರು. ಜೀವಮಾನವೆಲ್ಲ ಕುಣಿಮಗ್ಗದ ಮುಂದೆ ಕೂತು ಸೀರೆ ನೇಯ್ದ ಹಿರಿಯರು. ಸೊಸೆ ಮೆಡಿಕಲ್‌ನಿಂದ ಡೈಪರ್ ತರಿಸಿಟ್ಟರೆ ಹೌಹಾರಿದರು. "ಅರಿವಿ ಮಾರಿ ಹೊಟ್ಟಿ ಹೊರಕೊಂಡಂವಾ ನಾ. ನಾನs ಕಾಗದದ ಚಡ್ಡಿ ಹಾಕ್ಕೊಂಡ್ರ ಮಗ್ಗ ಏನಂದೀತ?" ಮಗ್ಗಕ್ಕೆ ಅಂಜಿ ಸೊಸೆ ಸುಮ್ಮನಾದಳು. ಹಳೆಯ ಬಿಳಿ ಧೋತರ ಹರಿದು ಚೌಕ ತುಂಡು ಮಾಡಿ, ದಿನಾ ಒಗೆದು ಮಾಳಿಗೆಯ ತಂತಿಗೆ ಹಾಕತೊಡಗಿದಳು. ನಮ್ಮ ಕಡೆ ತಂತಿಯ ಮೇಲೆ ಬಿಳಿ ಚೌಕದ ಸಾಲು ಕಂಡರೆ ಓಣಿಗೆ ಒಂದೇ ಅರ್ಥ. ಎಂಟು ದಿನ ಕಳೆದಿಲ್ಲ, ಎದುರುಮನೆಯ ಕಾಕು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿಸಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. "ಕೂಸ ಹುಟ್ಟಿದ್ದ ಹೇಳಲೇ ಇಲ್ಲಲ್ಲ ಯವ್ವಾ! ಬಾಣಂತಿ ಯಾರು, ಮಗಳ ಬಂದಾಳೇನು?" ಪಡಸಾಲೆಯಲ್ಲಿ ಕೂತ ಬೀಗರು ಅಂದು ಒಂದು ಮಾತೂ ಆಡಲಿಲ್ಲ. ಉಂಡಿಯನ್ನೇನೋ ತಿಂದರು. ಒಣಕೊಬ್ಬರಿ, ಉತ್ತತ್ತಿ, ಅಂಟು, ಗಸಗಸೆ ಹಾಕಿ ಕಟ್ಟಿದ್ದು, ಬಿಡಲು ಮನಸ್ಸಾಗಲಿಲ್ಲವಂತೆ. ಬಾಯಿ ಒರೆಸಿಕೊಂಡು ಸೊಸೆಗೆ ಹೇಳಿದರು: "ಆ ಕಾಗದದ್ದs ಇರ್ಲಿ ತಂಗೀ."

ಇದರಲ್ಲಿ ಸುಖದ ಪ್ರಶ್ನೆ ಕಡಿಮೆ, ಕಣ್ಣಿನ ಪ್ರಶ್ನೆ ಹೆಚ್ಚು. ಅರಿವಿ ಸಾಕ್ಷಿ ಹೇಳುತ್ತದೆ. ಬಕೆಟ್ಟಿನಲ್ಲಿ, ಕಲ್ಲಿನ ಮೇಲೆ, ತಂತಿಯ ಮೇಲೆ, ಮೂರು ಕಡೆ ಹೇಳುತ್ತದೆ. ಅದರ ಹಿಂದೆ ಸೊಸೆಯ ಕೈ ಇರುತ್ತದೆ. ಅವಳು ಮುಖ ಸಿಂಡರಿಸದೆ ಒಗೆದರೂ ಹಂಗು ಹಂಗೇ. ಸಿಂಡರಿಸಿದರಂತೂ ಕೇಳುವುದೇ ಬೇಡ, ಅಂದು ಮುದುಕರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಡೈಪರ್ ಸುತ್ತಿ ಎಸೆದರೆ ಬಾಯಿಲ್ಲದ್ದು.

ಅದರ ಹೊಟ್ಟೆಯಲ್ಲಿ ಏನಿದೆ ಎಂದು ನಾನೊಮ್ಮೆ ಕತ್ತರಿಯಿಂದ ಬಿಚ್ಚಿ ನೋಡಿದೆ. ಹತ್ತಿಯ ಊರಿನವನು, ಹತ್ತಿ ಸಿಗುತ್ತದೆ ಅಂದುಕೊಂಡಿದ್ದೆ. ಹತ್ತಿಯಂತೆ ಕಾಣುವ ಬಿಳಿ ನಾರು ಪೈನ್ ಮರದ ತಿರುಳಂತೆ. ಇಂಥ ತಿರುಳು ಜಗತ್ತಿಗೆಲ್ಲ ಬಹುಪಾಲು ಬರುವುದು ಅಮೆರಿಕದ ತೆಂಕಣ ಸೀಮೆಯ ಕಾಡಿನಿಂದ. ಬೈಲಹೊಂಗಲದ ಹತ್ತಿ ಎಲ್ಲೆಲ್ಲೋ ಹೋಗುತ್ತದೆ, ಬೈಲಹೊಂಗಲದ ಅಜ್ಜನ ನಡುವಿಗೆ ಅಮೆರಿಕದ ಮರ ಬರುತ್ತದೆ. ನಾರಿನ ನಡುವೆ ಸಣ್ಣ ಸಕ್ಕರೆ ಹರಳಿನಂಥ ಪುಡಿ. ಸೋಡಿಯಂ ಪಾಲಿಯಾಕ್ರಿಲೇಟ್ ಎಂಬ ಅದೇ ಇದರ ಜೀವ. ನಮ್ಮ ಎರಿಹೊಲದ ಮಣ್ಣಿನ ಸ್ವಭಾವ ಅದಕ್ಕೆ, ಮೊದಲ ಮಳೆ ಬಿದ್ದದ್ದೇ ಕುಡಿದು ಉಬ್ಬಿ, ಬಿಡುವ ಮಾತೇ ಆಡುವುದಿಲ್ಲ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪು ಇರುವುದರಿಂದ ಅಷ್ಟು ಆಗದು, ಮೂವತ್ತು ಪಟ್ಟಿನ ಆಚೆ ಈಚೆ. ಹೀರಿದ್ದನ್ನು ಹಿಡಿದಿಡುವುದರಿಂದ ಮೈ ಒಣಗಿದಂತೆ ಇರುತ್ತದೆ. ಒದ್ದೆ ಅರಿವಿ ಮೈಗೆ ಅಂಟಿಕೊಂಡು ತೊಡೆಸಂದು ಸುಲಿಯುವುದು ಇದರಲ್ಲಿ ಕಡಿಮೆ. ಹಾಗಂತ ಬೆಳಗಿನದನ್ನು ರಾತ್ರಿಯವರೆಗೆ ಬಿಟ್ಟರೆ ಇದೂ ಸುಲಿಯುತ್ತದೆ, ಅದು ಬೇರೆ ಮಾತು.

ಅತ್ತಿಯನ್ನು ಒಪ್ಪಿಸಲು ನಾನು ಆಕಾಶಕ್ಕೇ ಹೋದೆ. ಅಮೆರಿಕದ ಮಾರುಕಟ್ಟೆಗೆ ಪ್ಯಾಂಪರ್ಸ್ ಬಂದ 1961ನೇ ಇಸವಿಯಲ್ಲೇ, ಮೇ 5ರಂದು, ಅಲನ್ ಶೆಪರ್ಡ್ ಎಂಬ ಗಗನಯಾತ್ರಿ ರಾಕೆಟ್ಟಿನ ತುದಿಯಲ್ಲಿ ತಾಸುಗಟ್ಟಲೆ ಕಾದು ಕಾದು ಕಡೆಗೆ ಉಡುಪಿನಲ್ಲೇ ಮಾಡಿಕೊಳ್ಳಬೇಕಾಯಿತು. ಮುಂದೆ ನಾಸಾದವರು ಬುದ್ಧಿ ಕಲಿತರು. ಸುನೀತಾ ವಿಲಿಯಮ್ಸ್ ಅಂತರಿಕ್ಷದಲ್ಲಿ ನಡೆದಾಡಿದ್ದನ್ನು ಅತ್ತಿ ಟಿವಿಯಲ್ಲಿ ಬಾಯಿಬಿಟ್ಟು ನೋಡಿದ್ದಳು. "ಹೊರಗ ನಡಿಯಾಕ ಹೋಗವರೆಲ್ಲ ಡೈಪರ್ ಹಾಕ್ಕೊಂಡs ಹೋಗತಾರ ಅತ್ತೀ," ಅಂದೆ. ಅತ್ತಿ ಅಡಿಕೆ ಕತ್ತರಿಸುತ್ತ ಅಂದಳು: "ಅಲ್ಲೆ ಮ್ಯಾಲ ನೋಡವರ ಯಾರ ಅದಾರೋ? ಹಾಕ್ಕೊಂಡ ನಮ್ಮ ಓಣ್ಯಾಗ ಒಂದ ಸುತ್ತ ಹಾಕಿ ಬರ್ಲಿ ನೋಡೂಣು."

ಆದರೂ ಭಾರತ ಹುಣ್ಣಿಮೆಗೆ ಡೈಪರ್ ತೊಟ್ಟು ಎಲ್ಲಮ್ಮನ ಗುಡ್ಡಕ್ಕೆ ಹೊರಟಳು. ಹೊರಟ ದಿನ ನಾನು ಗಮನಿಸಿದ್ದು ಒಂದೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದು ಚರಗಿ ನೀರು ಕುಡಿದಳು. ಊರಿಗೆ ಹೋಗುವುದಿದ್ದರೆ ನಮ್ಮ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ ಎನ್ನುವುದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೆ ತಿಳಿದದ್ದು ಅವತ್ತೇ. ಮೇಲೆ ಒಂದು ಗ್ಲಾಸು ಕಬ್ಬಿನ ಹಾಲೂ ಬೇಕೆಂದಳು. ಸವದತ್ತಿಯವರೆಗೆ ಕಿಟಕಿಯಲ್ಲಿ ಕೂತು ಎದುರು ಬಂದ ಚಕ್ಕಡಿಗೆಲ್ಲ ಉಧೋ ಉಧೋ ಎನ್ನುತ್ತ ಹೋದಳು.

ಎಡವಟ್ಟಾದದ್ದು ಗುಡ್ಡದ ಎಣ್ಣೆಹೊಂಡದಲ್ಲಿ. ಭಕ್ತಿ ಏರಿತ್ತು, ಉಟ್ಟ ಸೀರೆಯಲ್ಲೇ ಹೊಂಡಕ್ಕಿಳಿದು ಮೂರು ಮುಳುಗು ಹಾಕಿದಳು. ಒಳಗೆ ಏನು ತೊಟ್ಟಿದ್ದೇನೆ ಎನ್ನುವುದು ಮರೆತೇ ಹೋಗಿತ್ತು. ಆ ಪುಡಿಗೆ ತೀರ್ಥ ಯಾವುದು, ಮತ್ತೊಂದು ಯಾವುದು, ಏನು ಗೊತ್ತು? ಉಪ್ಪಿಲ್ಲದ ನೀರು, ನೂರಾರು ಪಟ್ಟು ಕುಡಿಯುವ ಅವಕಾಶ. ಕುಡಿಯಿತು. ಮೆಟ್ಟಿಲು ಹತ್ತುವಾಗ ಅತ್ತಿ ಅರ್ಧಕ್ಕೇ ನಿಂತಳು. ಸೀರೆಯ ಹಿಂದೆ ಏನೋ ಬೆಳೆಯುತ್ತಿತ್ತು. ಜೊತೆಗಿದ್ದ ಓಣಿಯ ಹೆಂಗಸರು ದೇವಿ ಮೈಮೇಲೆ ಬಂದಳೆಂದು ಭಂಡಾರ ಹಚ್ಚಿ ಕೈಮುಗಿದರಂತೆ. "ಒಂದ ಗುಡ್ಡ ಹತ್ತಾಕ ಹೋಗಿದ್ದೆ, ಇನ್ನೊಂದ ಗುಡ್ಡ ಹೊತಗೊಂಡ ಹತ್ತಿದೆ ನೋಡಪಾ," ಎಂದು ಅತ್ತಿಯೇ ಬಂದು ಹೇಳಿದಳು. ಹೆಂಗಸರ ಸ್ನಾನದ ಮರೆಗೆ ಹೋಗಿ ಬೇರೆ ತೊಟ್ಟು ದರ್ಶನ ಮುಗಿಸಿಕೊಂಡೇ ಬಂದಿದ್ದಳು. ಬಸ್ಸು ಪುಕ್ಕಟೆಯಾದ ಫಾಯಿದೆ ಆಕೆಗೆ ಸಿಕ್ಕದ್ದು ಆಗ. ಆಮೇಲೆ ನಿಲ್ಲಿಸಿದವರಿಲ್ಲ.

ಕಿತ್ತೂರಿನ ನಿವೃತ್ತ ಮಾಸ್ತರರೊಬ್ಬರ ಕಥೆ ಸ್ವಲ್ಪ ಬೇರೆ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಬಂತೆಂದರೆ ಶಾಲೆ, ಸಂಘ, ಕಟ್ಟೆ, ಎಲ್ಲಿ ಮೈಕು ಕಂಡರೂ ರಾಣಿ ಚನ್ನಮ್ಮನ ಇತಿಹಾಸ ಹೇಳುವವರು. ಪ್ರಾಸ್ಟೇಟ್ ಸತಾಯಿಸುವಾಗ 1824ರ ಅಕ್ಟೋಬರ್ 23ಕ್ಕೆ, ಕೋಟೆಯ ಮುಂದೆ ಬ್ರಿಟಿಷರ ಕಲೆಕ್ಟರ್ ಥ್ಯಾಕರೆ ಬೀಳುತ್ತಲೇ, ವಂದನೆ ಹೇಳಿ ಅವಸರದಿಂದ ವೇದಿಕೆ ಇಳಿಯುತ್ತಿದ್ದರು. ಈಗ ಡೈಪರ್ ಬಂದ ಮೇಲೆ ಎರಡನೆಯ ಯುದ್ಧ ಮುಗಿಸಿ, ಕೋಟೆ ಬೀಳಿಸಿ, ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೆ ಬಿಡುವುದಿಲ್ಲ. ಕೇಳಲು ಕೂತವರೇ ಈಗ ಒಬ್ಬೊಬ್ಬರಾಗಿ ಹೊರಗೆ ಹೋಗಿ ಬರುತ್ತಾರೆ.

ಇದನ್ನು ಕೊಳ್ಳುವ ರೀತಿಯೇ ನೋಡುವಂಥದ್ದು. ಮೆಡಿಕಲ್ ಅಂಗಡಿಯ ನನ್ನ ಗೆಳೆಯ ಹೇಳುವ ಪ್ರಕಾರ ಬೈಲಹೊಂಗಲದಲ್ಲಿ ಡೈಪರ್ ತೊಡುವವರು ಒಬ್ಬರೂ ಇಲ್ಲ. ಬಂದವರೆಲ್ಲ ಕಿತ್ತೂರಿನ ಮಾವನಿಗೆ, ಸವದತ್ತಿಯ ದೊಡ್ಡವ್ವನಿಗೆ ಒಯ್ಯುವವರು. ಸವದತ್ತಿಯ ಅಂಗಡಿಯಲ್ಲಿ ವಿಚಾರಿಸಿದರೆ ಎಲ್ಲ ರಾಮದುರ್ಗದ ಬೀಗರಿಗೆ. ರಾಮದುರ್ಗದಲ್ಲಿ ಬೈಲಹೊಂಗಲದವರ ಸಲುವಾಗಿ. ನಾನೂ ಓಣಿಯವರ ಕಣ್ಣು ತಪ್ಪಿಸಿ ಕಿತ್ತೂರಿಗೆ ಹೋಗಿ ಕೊಳ್ಳುತ್ತಿದ್ದೆ. ಒಮ್ಮೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ, ಬೈಲಹೊಂಗಲದ ಬಸ್ಸಿನಿಂದ ಆ ಮಾಸ್ತರರೇ ಇಳಿದರು. ಅವರ ಬಗಲಲ್ಲಿ ಪೇಪರ್ ಸುತ್ತಿದ ಗಂಟು, ನನ್ನ ಬಗಲಲ್ಲಿ ಪೇಪರ್ ಸುತ್ತಿದ ಗಂಟು, ಒಂದೇ ಆಕಾರ, ಒಂದೇ ದಪ್ಪ. "ಬೈಲಹೊಂಗಲಕ್ಕ ಹೋಗಿದ್ರೇನ್ರಿ ಸರ?" "ಹೌದ್ರಿ, ಸ್ವಲ್ಪ ಸಂಶೋಧನೆ ಇತ್ತ." "ನಂದೂ ಹಂಗ ಅನ್ರಿ." ಬಸ್ಸಿಗೆ ನನಗೆ ಎಂಬತ್ತು ರೂಪಾಯಿ ಹೋಗಿತ್ತು, ಅದೇ ಸರಕು ನಮ್ಮ ಓಣಿಯ ತಿರುವಿನಲ್ಲೇ ಸಿಗುತ್ತದೆ.

ರೊಕ್ಕದ ಮಾತು ಬಂತು. ಒಂದಕ್ಕೆ ಮೂವತ್ತೈದು ರೂಪಾಯಿ ಹಿಡಿದರೆ, ದಿನಕ್ಕೆ ಮೂರರಂತೆ ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ಬರುವುದು 1,200. ಗೃಹಲಕ್ಷ್ಮಿಯ 2,000 ಕೂಡಿಸಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ಹೊಟ್ಟೆಗೆ ಏನೂ ಉಳಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಸಣ್ಣ ಉಪಕಾರ. ಅದಕ್ಕೇ ನಮ್ಮ ಕಡೆಯ ಜಾಣರು ಹಗಲು ಮನೆಯಲ್ಲಿ ಅರಿವಿ, ರಾತ್ರಿಗೂ ಊರಿಗೂ ಡೈಪರ್ ಎಂದು ಪಾಲು ಮಾಡಿಕೊಂಡಿದ್ದಾರೆ. ಕಾಣುವ ಕಡೆ ಡೈಪರ್, ಕಾಣದ ಕಡೆ ಅರಿವಿ. ಈ ತೊಂದರೆಯಲ್ಲಿ ಎಷ್ಟೋ ಭಾಗ ವ್ಯಾಯಾಮಕ್ಕೆ, ಗುಳಿಗೆಗೆ, ಸಣ್ಣ ಆಪರೇಷನ್ನಿಗೆ ಬಗ್ಗುವಂಥದ್ದು ಎಂದು ಡಾಕ್ಟರು ಹೇಳುತ್ತಾರೆ. ಅವರಿಗೆ ಹೇಳಬೇಕಲ್ಲ? ಅಲ್ಲಿಯೂ ನಮ್ಮವರು ಪರಊರಿನವರ ತೊಂದರೆಯನ್ನೇ ಹೇಳಿಕೊಳ್ಳುತ್ತಾರೆ.

ಜಪಾನಿನಲ್ಲಿ ಈ ನಾಚಿಕೆ ಮುಗಿದಂತಿದೆ. ಅಲ್ಲಿಯ ಓಜಿ ಎಂಬ ಕಂಪನಿ ಕೂಸು ಹುಟ್ಟುವುದೇ ಕಡಿಮೆಯಾಯಿತೆಂದು 2024ರಲ್ಲಿ ತನ್ನ ದೇಶದ ಮಟ್ಟಿಗೆ ಕೂಸುಗಳ ಡೈಪರ್ ನಿಲ್ಲಿಸಿ ದೊಡ್ಡವರದಕ್ಕೇ ಗಂಟುಬಿತ್ತು. ನಮ್ಮ ಓಣಿ ಅಷ್ಟು ಮುಂದುವರಿದಿಲ್ಲ ಎನ್ನುವುದು ಕಳೆದ ತಿಂಗಳು ಗೊತ್ತಾಯಿತು.

ಘನತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಡೈಪರನ್ನು ಗಟ್ಟಿಯಾಗಿ ಸುತ್ತಿ ಕಸದ ಗಾಡಿಗೆ ಕೊಡಬೇಕು. ಕೊಡುವವರು ಕೊಡುತ್ತಾರೆ. ಕಸದ ಗಾಡಿಯ ಎದುರು ಆ ಗಂಟು ಹಿಡಿದು ನಿಲ್ಲಲು ನಾಚಿ, ಕತ್ತಲಲ್ಲಿ ಗಟಾರದ ಬದಿಗೆ ಎಸೆಯುವವರೂ ಇದ್ದಾರೆ. ಅಂಥ ಒಂದನ್ನು ಬೀದಿನಾಯಿ ಬೆಳಬೆಳಿಗ್ಗೆ ಎಳೆದು ತಂದು ಓಣಿಯ ನಟ್ಟನಡುವೆ ಬಿಚ್ಚಿ ಹರವಿತು. ಸಭೆ ಕೂಡಿತು. ಪಂಚೆ ಎತ್ತಿ ಕಟ್ಟಿಕೊಂಡ ಹಿರಿಯರೊಬ್ಬರು "ನಮ್ಮ ಓಣ್ಯಾಗ ಅಂಥಾವ್ರ ಯಾರದಾರ್ರೀ?" ಅಂದರು. ಯಾರೂ ಇಲ್ಲ ಎಂದು ಎಲ್ಲರೂ ಅಂದರು. ನಾಯಿ ಬೇರೆ ಊರಿಂದ ಕಚ್ಚಿಕೊಂಡು ಬಂದಿರಬೇಕು ಎಂದು ಒಬ್ಬ ತೀರ್ಪು ಕೊಟ್ಟ, ಉಳಿದವರು ಹೌದೆಂದರು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಅತ್ತಿಯ ಧ್ವನಿ ಬಂತು, ಓಣಿಯ ತುದಿಗೂ ಕೇಳುವಂತೆ.

"ನಂದಂತೂ ಅಲ್ಲ. ನಂದ ಮೀಡಿಯಮ್ ಸೈಜ್. ಇದು ಎಕ್ಸೆಲ್ ಕಾಣತೈತಿ. ಅಷ್ಟ ನಡಾ ಇದ್ದವರ ಇಲ್ಲೆ ಯಾರ ಅದಾರ, ನೀವ ನೀವ ನೋಡ್ಕೋರಿ."

ನಿಂತ ಗಂಡಸರೆಲ್ಲ ಒಟ್ಟಿಗೇ ಹೊಟ್ಟೆ ಒಳಗೆಳೆದುಕೊಂಡರು.